ಸೈಕಲ್ಲು ಯಾರದ್ದು?

ಯುದ್ಧ ಅಂದರೆ ನಮಗೆ ಟ್ಯಾಂಕು, ವಿಮಾನಗಳೇ ನೆನಪಾಗುತ್ತವೆ. ಆದರೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸಾವಿರಾರು ಸೈನಿಕರು ಮಲಯಾ ದೇಶದ ಉದ್ದಕ್ಕೂ ಸೈಕಲ್ ತುಳಿದುಕೊಂಡೇ ಹೋದರು. 1941ರ ಡಿಸೆಂಬರ್ 8ರಂದು ಕೋಟಾ ಬಾರುವಿನಲ್ಲಿ ಇಳಿದರು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರವೇ ಶರಣಾಯಿತು! ಬ್ರಿಟಿಷರು ಸೇತುವೆ ಒಡೆದು ಹಿಂದೆ ಸರಿದಾಗ ಲಾರಿಗಳು ನಿಂತವು, ಸೈಕಲ್ ನಿಲ್ಲಲಿಲ್ಲ. ಹೆಗಲ ಮೇಲೆ ಹೊತ್ತು ಹೊಳೆ ದಾಟಿಬಿಟ್ಟರು. ಪಂಚರ್ ಹಾಕೋಕೆ ಪುರುಸೊತ್ತಿಲ್ಲದಾಗ ಟಯರು ಕಿತ್ತೆಸೆದು ಬರೀ ರಿಮ್ಮಿನ ಮೇಲೆ ಓಡಿಸಿದರಂತೆ. ರಾತ್ರಿ ಆ ಗಡಗಡ ಸದ್ದು ಕೇಳಿ ಎದುರಿನವರು ಟ್ಯಾಂಕೇ ಬಂತು ಅಂತ ಬೆದರಿದ್ದೂ ಉಂಟಂತೆ.

ಇದನ್ನು ಕೇಳಿದವರೆಲ್ಲ ‘ಎಂಥಾ ಬುದ್ಧಿವಂತರು!’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ಸೈಕಲ್ಲುಗಳಲ್ಲಿ ಎಷ್ಟೋ ಅಲ್ಲಿನ ಜನರಿಂದ ಕಿತ್ತುಕೊಂಡವು. ನಮ್ಮೂರಲ್ಲಿ ಒಂದು ಮನೆಯ ಸೈಕಲ್ ಹೋಯಿತು ಅನ್ನಿ. ಡೇರಿಗೆ ಹಾಲು ಹೋಗಲ್ಲ, ಮಿಲ್ಲಿಗೆ ರಾಗಿ ಹೋಗಲ್ಲ, ಅಕ್ಕನ ಹೈಸ್ಕೂಲೂ ನಿಂತಂತೆಯೇ. ಅಲ್ಲಿನ ಮನೆಗಳಲ್ಲೂ ಹೀಗೇ ಆಗಿರಬೇಕಲ್ಲವೇ?

ಮಲಯಾ ಗೆದ್ದ ಸೇನಾಪತಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಯಮಾಶಿತ ಅಂತ ಬರೆದು ನಾನೂ ಒಂದು ಅಂಕ ತಗೊಳ್ತೀನಿ. ಆದರೆ ಸೈಕಲ್ಲು ಯಾರದ್ದು ಅಂತಲೂ ಗುರುಗಳು ಒಂದು ಪ್ರಶ್ನೆ ಕೇಳಲಿ.