ತುಂಡಾದ ಅಕ್ಷರವೇ ಪಾಠವಾಗಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಗಣಕ ವಿಜ್ಞಾನದ ಅಭ್ಯಾಸ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ: ಅಂತರ್ಜಾಲದಿಂದ ಬರುವ ಪಠ್ಯವನ್ನು ಹರಿವಾಗಿ ಓದುವುದನ್ನು ಕಲಿಸುವಾಗ ಉದಾಹರಣೆ ಕನ್ನಡದಲ್ಲೇ ಇರಲಿ.

ಹರಿವು ಎಂದರೇನೆಂದು ಇಲ್ಲಿನ ಮಕ್ಕಳಿಗೆ ಹೇಳುವುದು ಕಷ್ಟವಲ್ಲ. ನಾರಾಯಣಪುರ ಜಲಾಶಯದ ನೀರು ಇಂಡಿ ಶಾಖಾ ಕಾಲುವೆಯಲ್ಲಿ ಬಂದಂತೆಲ್ಲ ಹೊಲಕ್ಕೆ ಹಾಯಿಸುತ್ತಾರೆ. ಪೂರ್ತಿ ಬರಲೆಂದು ಯಾರೂ ಕಾಯುವುದಿಲ್ಲ. ಪೈಥಾನ್‌ನಲ್ಲೂ ಸರ್ವರ್ ಕಳಿಸಿದ ಉತ್ತರವನ್ನು 1024 ಬೈಟ್‌ಗಳ ತುಂಡುಗಳಾಗಿ ಓದುತ್ತ ಹೋದರೆ ದೊಡ್ಡ ಕಡತಕ್ಕೂ ಸ್ವಲ್ಪ ಮೆಮೊರಿ ಸಾಕು.

ಹೋಲಿಕೆ ಅಲ್ಲಿಗೇ ಮುಗಿಯಿತು. ನೀರನ್ನು ಎಲ್ಲಿ ತಡೆದರೂ ನೀರೇ, ಅಕ್ಷರ ಹಾಗಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ‘ಇಂಡಿ’ ಇಂಗ್ಲಿಷ್ ಲಿಪಿಯಲ್ಲಿ 4 ಬೈಟ್. ಕನ್ನಡದಲ್ಲಿ ಇ, ಸೊನ್ನೆ, ಡ, ಗುಡಿಸು ಸೇರಿ 12. ಬರೀ ಕನ್ನಡ ಸಂಕೇತಗಳಿದ್ದರೆ ಮೊದಲ ತುಂಡಿನಲ್ಲಿ 341 ಸಂಕೇತ ಮುಗಿದು, 342ನೆಯದರ ಒಂದೇ ಬೈಟ್ ಬಂದಿರುತ್ತದೆ. ಆ ತುಂಡನ್ನಷ್ಟೇ ಡಿಕೋಡ್ ಮಾಡಿದರೆ ದೋಷ.

ಇಂಗ್ಲಿಷ್ ಉದಾಹರಣೆಯಲ್ಲಿ ಇದು ಕಾಣುವುದೇ ಇಲ್ಲ. ಮುಂದೆ ಕನ್ನಡ ಬಳಸಿ ಎಡವಿದ ವಿದ್ಯಾರ್ಥಿ ‘ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ’ ಎಂದುಕೊಳ್ಳುತ್ತಾನೆ. ತಪ್ಪು ಭಾಷೆಯದಲ್ಲ, ಓದಿಸಿದ ಕ್ರಮದ್ದು. ಅರ್ಧ ಬಂದ ಬೈಟ್‌ಗಳನ್ನು ಕಾದಿಟ್ಟು ಮುಂದಿನ ತುಂಡಿಗೆ ಕೂಡಿಸುವ ಇನ್‌ಕ್ರಿಮೆಂಟಲ್ ಡಿಕೋಡರ್ ಪೈಥಾನ್‌ನ ಕೋಡೆಕ್ಸ್ ಮಾಡ್ಯೂಲ್‌ನಲ್ಲೇ ಇದೆ.

ಪಾಠ ಯೋಜನೆಯಲ್ಲಿ ಮೊದಲು ದೋಷ ತೋರಿಸಿ. ಭಾಗಾಕಾರ ಮಾಡಿಸಿ ಕಾರಣವನ್ನು ಮಕ್ಕಳಿಂದಲೇ ಹೇಳಿಸಿ. ಆಮೇಲೆ ಪರಿಹಾರ ಕೊಡಿ. ಇಂಟರ್ನೆಟ್ ಇಲ್ಲದಿದ್ದರೆ ಕನ್ನಡದ ಕಡತವೊಂದನ್ನು ಬೈನರಿಯಾಗಿ ತೆರೆದು ಹೀಗೆಯೇ ಓದಿಸಬಹುದು. ಪಾಠ ವೀಕ್ಷಿಸುವ ಉಪನ್ಯಾಸಕರಲ್ಲೂ ಒಂದು ವಿನಂತಿ: ಪರದೆಯ ಮೇಲೆ ಬೇಕೆಂದೇ ತಂದ ದೋಷಕ್ಕೆ ಅಂಕ ಕಳೆಯಬೇಡಿ.