ಹಳೆಯ ಸರಕಿಗೂ ಮಾಹಿತಿ ಬೇಡವೇ?

ಬೆಂಗಳೂರಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಕೀಲಿ ಕೊಡುವ ಗ್ರಾಮಫೋನನ್ನೂ ಐದು ಎಲ್.ಪಿ. ತಟ್ಟೆಗಳನ್ನೂ ಕೊಂಡೆ. ಅಂಗಡಿಯವರು ಹಣ ಎಣಿಸಿಕೊಂಡರೇ ಹೊರತು ಬೇರೇನೂ ಹೇಳಲಿಲ್ಲ. ಆ ಯಂತ್ರವಾದರೋ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಿಗೆಂದು ಮಾಡಿದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ತಂದ ಎಲ್.ಪಿ.ಯ ಸೂಕ್ಷ್ಮ ಗೆರೆಗಳನ್ನು ಅದರ ಉಕ್ಕಿನ ಮುಳ್ಳು ಕೆತ್ತಿಹಾಕುತ್ತದೆ. ಮೊದಲ ತಟ್ಟೆ ಅಂದೇ ಹಾಳಾಯಿತು. ದೂರಿದರೆ, ಹಳೆಯ ಮಾಲಿಗೆ ಜವಾಬ್ದಾರಿಯಿಲ್ಲವೆಂಬ ಉತ್ತರ!

ಹಳೆಯ ಮಾಲಿಗೆ ಗ್ಯಾರಂಟಿ ಕೊಡಲಾಗದೆಂಬುದನ್ನು ವರ್ತಕನಾಗಿ ನಾನೂ ಬಲ್ಲೆ. ಆದರೆ ತಟ್ಟೆಯನ್ನು ನುಡಿಸಿ ತೋರಿಸಲು, ಗೀರು ಬಿರುಕುಗಳನ್ನು ಬಿಲ್ಲಿನಲ್ಲಿ ನಮೂದಿಸಲು ವರ್ತಕ ಬಾಂಧವರಿಗೆ ತಗಲುವ ಖರ್ಚಾದರೂ ಎಷ್ಟು? ಮತ್ತೊಂದು ಅಂಗಡಿಯ ವೃದ್ಧರು, ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂದು ತಾವಾಗಿಯೇ ತಿಳಿಸಿ, ಎರಡು ಡಬ್ಬಿ ಮುಳ್ಳುಗಳನ್ನೂ ಮಾರಿದರು. ಈಗ ನನ್ನ ಖರೀದಿಯೆಲ್ಲ ಅವರಲ್ಲಿಯೇ.