ಕಣ್ಣಿಗೆ ಕ್ಯಾಪ್ಸೂಲ್, ತಟ್ಟೆ ಅಂಚಿಗೆ ಕುಂಬಳಕಾಯಿ

ಫೋಟೋ 1
ಚಾಮರಾಜನಗರದ ನಮ್ಮ ಹಾಸ್ಟೆಲ್ ಊಟದ ತಟ್ಟೆ. ಸಾಂಬಾರಲ್ಲಿದ್ದ ಸಿಹಿಗುಂಬಳದ ಹೋಳನ್ನೆಲ್ಲ ಆರಿಸಿ ಆರಿಸಿ ಅಂಚಿಗೆ ತಳ್ಳಿದ್ದಾರೆ. ಯಾರ ತಟ್ಟೆ ಅಂತ ಹೇಳಲ್ಲ, ಓದ್ತಾ ಇರ್ತೀಯ ಅಂತ ಗೊತ್ತು. ಪಕ್ಕದಲ್ಲಿರೋ ಡಬ್ಬಿನೂ ನೋಡಿ. ಕಣ್ಣಿನ ಕ್ಯಾಪ್ಸೂಲ್. ನಗಬೇಡಿ, ಅದು ನಂದು.

ಫೋಟೋ 2
ಹೋದ ಸೆಮಿಸ್ಟರ್‌ನಲ್ಲಿ ಸಂಜೆ ಆದ್ರೆ ತಲೆನೋವು, ಬೋರ್ಡ್ ಮೇಲಿನ ಲೆಡ್ಜರ್ ಎಲ್ಲ ಮಂಜು ಮಂಜು. ರೀಲ್ಸ್‌ನಲ್ಲಿ ಒಬ್ಬ ಮೊಬೈಲ್ ನೋಡೋರೆಲ್ಲ ಲ್ಯೂಟಿನ್ ತಗೊಳ್ಳಲೇಬೇಕು ಅಂದ. 640 ರೂಪಾಯಿ ಕೊಟ್ಟೆ. ಒಂದೂವರೆ ತಿಂಗಳು ನುಂಗಿದೆ. ಆಮೇಲೆ ಕಣ್ಣು ಚೆಕ್ ಮಾಡಿಸಿದ್ರೆ ಮೈನಸ್ ಒಂದೂಕಾಲು. ಬೇಕಿದ್ದದ್ದು ಕನ್ನಡಕ!
ಅದೇ ವಾರ ಅಪ್ಪ ಕುಂಬಳಕಾಯಿ ಮಾರಿದ್ದು ಕೆಜಿಗೆ 8 ರೂಪಾಯಿಯಂತೆ. ನನ್ನ ಒಂದು ಡಬ್ಬಿ ಅಂದ್ರೆ ಅಪ್ಪನ 80 ಕೆಜಿ ಕಾಯಿ. ಬಿಕಾಂ ಓದೋನಿಗೆ ಈ ಲೆಕ್ಕ ಮೊದಲೇ ಹೊಳೀಬೇಕಿತ್ತು.

ಫೋಟೋ 3
ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗೋ ರಸ್ತೆ, ಚೆಂಡುಹೂವಿನ ಹೊಲ. ನೀವೆಲ್ಲ ಪೋಸ್ ಕೊಟ್ಟಿರೋ ಜಾಗ. ಕಂಪನಿಗಳು ಒಪ್ಪಂದ ಮಾಡ್ಕೊಂಡು ಬೆಳೆಸೋ ಹೂವು ಇದು. 'ಪೇಂಟ್ ಮಾಡಕ್ಕೆ' ಅಂತಾರೆ ಊರಲ್ಲಿ. ಆದ್ರೆ ಈ ಹೂವಿಂದ ತೆಗೆಯೋ ಮುಖ್ಯ ಸರಕು ಲ್ಯೂಟಿನ್ ಕಣ್ರೋ. ಮೊಟ್ಟೆಯ ಹಳದಿ ಗಾಢವಾಗಲಿ ಅಂತ ಕೋಳಿ ಮೇವಿಗೆ ಒಂದಷ್ಟು, ಕಣ್ಣಿನ ಕ್ಯಾಪ್ಸೂಲಿಗೆ ಒಂದಷ್ಟು. ನಾನು ಆನ್‌ಲೈನಲ್ಲಿ ತರಿಸಿದ ಮಾಲು ನಮ್ಮ ಪಕ್ಕದ ಹೊಲದ್ದೇ ಇದ್ರೂ ಇರಬಹುದು.

ಫೋಟೋ 4
ಈಗ ಕುಂಬಳಕಾಯಿ. ಆಯುಧಪೂಜೆಗೆ ಬೈಕ್ ಮುಂದೆ ಒಡೀತೀರಲ್ಲ, ಆ ಬೂದುಗುಂಬಳ ಅಲ್ಲ. ಅದು ಊರವರ ದೃಷ್ಟಿಗೆ. ನಾನು ಹೇಳ್ತಿರೋದು ನಿಮ್ಮ ದೃಷ್ಟಿ ಬಗ್ಗೆ.
ಸಿಹಿಗುಂಬಳದ ಒಳಗಿನ ಕೇಸರಿ ಬಣ್ಣದಲ್ಲೇ ಬೀಟಾ ಕ್ಯಾರೋಟಿನ್ ಇರೋದು. ದೇಹ ಅದರಿಂದ ವಿಟಮಿನ್ ಎ ಮಾಡ್ಕೊಳ್ಳುತ್ತೆ. ಮಬ್ಬುಗತ್ತಲಲ್ಲಿ ಕಣ್ಣು ಕಾಣೋಕೆ ಬೇಕಾದ ರೋಡಾಪ್ಸಿನ್ ತಯಾರಾಗೋದಕ್ಕೆ ಆ ವಿಟಮಿನ್ನೇ ಬೇಕು. ತೀರಾ ಕಮ್ಮಿಯಾದ್ರೆ ಇರುಳುಗಣ್ಣು. ಚಿಕ್ಕವರಿದ್ದಾಗ ಅಂಗನವಾಡಿಯಲ್ಲಿ ವಿಟಮಿನ್ ಎ ದ್ರಾವಣ ಬಾಯಿಗೆ ಹಾಕಿದ್ರಲ್ಲ? 1970ರಲ್ಲಿ ದೇಶದಲ್ಲಿ ಆ ಕಾರ್ಯಕ್ರಮ ಶುರುವಾಗಿದ್ದೇ ಮಕ್ಕಳ ಕುರುಡುತನ ತಡೆಯೋಕೆ.
ಲ್ಯೂಟಿನ್ನೂ ಇದೆ. ಅಮೆರಿಕದ ಕೃಷಿ ಇಲಾಖೆ ಪಟ್ಟಿ ಪ್ರಕಾರ 100 ಗ್ರಾಂ ಹಸಿ ಕಾಯಲ್ಲಿ ಲ್ಯೂಟಿನ್, ಜಿಯಾಕ್ಸಾಂಥಿನ್ ಸೇರಿ ಸುಮಾರು 1.5 ಮಿಲಿಗ್ರಾಂ. ಎಣ್ಣೆ ಒಗ್ಗರಣೆ, ಕಾಯಿತುರಿ ಬಿಡಬೇಡಿ. ಜಿಡ್ಡಿಲ್ಲದಿದ್ರೆ ಇವು ಮೈಗೆ ಸರಿಯಾಗಿ ಹತ್ತಲ್ಲ. ನಮ್ಮಜ್ಜಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

'ಕ್ಯಾಪ್ಸೂಲಲ್ಲಿ 10 ಮಿಲಿಗ್ರಾಂ ಇದೆಯಲ್ಲ' ಅಂತೀರ. ಆ 10 ಮಿಲಿಗ್ರಾಂ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಕೊಟ್ಟ ದೊಡ್ಡ ಅಧ್ಯಯನ ಅಮೆರಿಕದ ಎಆರ್‌ಇಡಿಎಸ್-2. ಅದರಲ್ಲಿದ್ದವರು 50ರಿಂದ 85 ವರ್ಷದವರು, ಅಕ್ಷಿಪಟಲದ ನಡುಭಾಗ ಸವೆಯೋ ಕಾಯಿಲೆ ಇದ್ದವರು. ನಿನಗೆ 20 ಕಣೋ! ಅದೇ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ತಗೊಂಡವರಲ್ಲಿ, ಅದೂ ಹೆಚ್ಚಾಗಿ ಮೊದಲು ಸಿಗರೇಟ್ ಸೇದ್ತಿದ್ದವರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಮಾತ್ರೆ ಅಂದ್ರೆ ತರಕಾರಿನ ಚಿಕ್ಕದು ಮಾಡಿ ಡಬ್ಬಿಗೆ ಹಾಕಿದ್ದು ಅಂದ್ಕೋಬೇಡಿ.

ಕುಂಬಳಕಾಯಿ ತಿಂದ್ರೆ ಕನ್ನಡಕ ಹೋಗುತ್ತೆ ಅಂತ ನಾನೂ ರೀಲ್ ಬಿಡಲ್ಲ. ನಂದೇ ಹೋಗಿಲ್ಲ. ದಂಟು, ನುಗ್ಗೆಸೊಪ್ಪಲ್ಲಿ ಲ್ಯೂಟಿನ್ ಇನ್ನೂ ಜಾಸ್ತಿ. ಅದನ್ನೂ ಅಂಚಿಗೆ ತಳ್ಳೋದು ನೀವೇ.

ಫೋಟೋ 5
ತೆರಕಣಾಂಬಿ ಮಾರ್ಕೆಟ್. ಕೇರಳಕ್ಕೆ ಹೊರಟ ತರಕಾರಿ ಗಾಡಿ. ಅಲ್ಲಿ ಓಣಂ ಊಟಕ್ಕೆ ಸಿಹಿಗುಂಬಳದ ಎರಿಶ್ಶೇರಿ ಬೇಕೇ ಬೇಕು. ಇಲ್ಲಿ ಬೆಳೆದವನ ಮಗನಿಗೆ ಮಾತ್ರ ಅದು 'ಅಜ್ಜಿ ಊಟ'.

ಶನಿವಾರ ಊರಿಗೆ ಬಂದಿದ್ದೀನಿ. ರಾತ್ರಿ ಹಲಸಂದೆಕಾಳು ಕುಂಬಳಕಾಯಿ ಹುಳಿ, ಮುದ್ದೆ. ಡಬ್ಬಿಯಲ್ಲಿ ಇನ್ನೂ 14 ಕ್ಯಾಪ್ಸೂಲ್ ಉಳಿದಿವೆ. ಬೇಕಾದವರು ಮೆಸೇಜ್ ಮಾಡಿ ಅಂತ ಬರೆದು ಅಳಿಸಿದೆ.